ಹಳೆಯ ಗಣಕಯಂತ್ರದ ಪರದೆಯನ್ನು ಕುರಿತು

ಮಸ್ಕಿಯ ಸದ್ಭಕ್ತರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಲಿಂಗೈಕ್ಯ ತಂದೆಯವರು ಊರೂರು ತಿರುಗಿ ಕೂಡಿಸಿದ ತತ್ತ್ವಪದಗಳನ್ನು ಮನೆಯ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಸಿದ್ದರಂತೆ. ಈಗ ಅದರ ದಪ್ಪ ಗಾಜಿನ ಮಾನಿಟರ್ ಮಸುಕಾಗಿದೆ. ಒಮ್ಮೊಮ್ಮೆ ಪರದೆಯೆಲ್ಲ ಅರಿಷಿಣ ಬಣ್ಣಕ್ಕೆ ತಿರುಗುತ್ತದೆ. ಗುಜರಿಯವನು ಇಡೀ ಯಂತ್ರಕ್ಕೆ ಬೆಲೆ ಕಟ್ಟಿ ಹೋಗಿದ್ದಾನೆ. ಪರದೆಯೊಡನೆ ಪದಗಳೂ ಹೋದವೇ ಎಂಬುದು ಆ ಮನೆಯವರ ಸಂಕಟ.

ಪದಗಳು ಹೋಗಿಲ್ಲ. ಮಾನಿಟರ್ ತೋರುವ ಸಾಧನ ಮಾತ್ರ. ಬರಹವಿರುವುದು ಪಕ್ಕದ ಪೆಟ್ಟಿಗೆಯೊಳಗಿನ ಹಾರ್ಡ್ ಡಿಸ್ಕಿನಲ್ಲಿ. ಮಸ್ಕಿಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಅವರ ಊರಿನ ಬಂಡೆಯ ಮೇಲೆ ಅಶೋಕನ ಹೆಸರು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಇದ್ದೇ ಇತ್ತು. 1915ರಲ್ಲಿ ಚಿನ್ನದ ನಿಕ್ಷೇಪ ಅರಸುತ್ತ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬೀಳುವ ತನಕ ವಿದ್ವಾಂಸರಿಗೆ ಅದು ಕಾಣದಿತ್ತು, ಅಷ್ಟೆ.

ಇನ್ನು ಪರದೆಯ ವಿಚಾರ. 1897ರಲ್ಲಿ ಜರ್ಮನಿಯ ಬ್ರೌನ್ ಎಂಬ ವಿಜ್ಞಾನಿ ಇದರ ಮೂಲರೂಪವನ್ನು ಸಿದ್ಧಪಡಿಸಿದರು. ಗಾಳಿ ತೆಗೆದ ಗಾಜಿನ ಕೊಳವೆಯ ಹಿಂತುದಿಯಲ್ಲಿ ಕಾದ ಕ್ಯಾಥೋಡ್‌ಗಳಿಂದ ಹೊರಟ ಇಲೆಕ್ಟ್ರಾನುಗಳು ಮುಂದಿನ ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಲೇಪಕ್ಕೆ ತಗುಲಿದಾಗ ಬೆಳಕು ಮೂಡುತ್ತದೆ. ವರ್ಷಗಳು ಕಳೆದಂತೆ ಕ್ಯಾಥೋಡ್ ಸವೆಯುತ್ತದೆ, ಲೇಪವೂ ಮಂಕಾಗುತ್ತದೆ. ಬೆಳಕಿನ ಗುಂಡಿಯನ್ನು ತುದಿಗೆ ತಿರುಗಿಸಿದರೂ, ಅರ್ಧ ತಾಸು ಕಾದ ಮೇಲಷ್ಟೇ ಚಿತ್ರ ತಿಳಿಯಾಗುವುದಾದರೆ ಅದು ಬಹುಮಟ್ಟಿಗೆ ಮುಪ್ಪೇ; ಅದಕ್ಕೆ ಮನೆಮದ್ದಿಲ್ಲ.

ಹಳದಿಗೆ ತಿರುಗುವುದು ಮಾತ್ರ ಬೇರೆ ಕಾರಣದಿಂದಿರಬಹುದು. ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ನೀಲಿ ತಪ್ಪಿದರೆ ಬಿಳಿಯದೆಲ್ಲ ಹಳದಿಯಾಗುತ್ತದೆ. ಯಂತ್ರವನ್ನು ಆರಿಸಿ, ಹಿಂಬದಿಯ ಕೇಬಲನ್ನು ಬಿಚ್ಚಿ, ಪ್ಲಗ್ಗಿನ ಸೂಜಿಗಳಲ್ಲಿ ಯಾವುದಾದರೂ ಬಾಗಿದೆಯೇ ನೋಡಬೇಕು. ಹದಿನೈದು ಸೂಜಿಗಳ ಸ್ಥಾನದಲ್ಲಿ ಒಂದು ಮೊದಲಿನಿಂದಲೇ ಇಲ್ಲದಿರುವುದುಂಟು, ಗಾಬರಿ ಬೇಡ. ಮತ್ತೆ ಸರಿಯಾಗಿ ಕೂಡಿಸಿ ತಿರುಪು ಬಿಗಿದರೆ ಎಷ್ಟೋ ಸಲ ನೀಲಿ ಮರಳುತ್ತದೆ. ಪರದೆಯ ಮೂಲೆಗಳಲ್ಲಿ ಬಣ್ಣದ ಕಲೆಗಳಿದ್ದರೆ ಮಗ್ಗುಲಲ್ಲಿ ಸ್ಪೀಕರ್ ಅಥವಾ ಸ್ಟೆಬಿಲೈಸರ್ ಇರಬಹುದು. ಕಾಂತಪ್ರಭಾವವಿರುವ ಆ ವಸ್ತುವನ್ನು ದೂರವಿಟ್ಟು, ಮಾನಿಟರಿನ ಪಟ್ಟಿಯಲ್ಲಿರುವ ‘ಡೀಗಾಸ್’ ಒತ್ತಬೇಕು. ದೀಪ ಕೇಸರಿಯಾಗಿದ್ದು ಪರದೆ ಕಪ್ಪಾಗಿದ್ದರೆ ಮಾನಿಟರಿಗೆ ಸಂಕೇತವೇ ತಲುಪುತ್ತಿಲ್ಲ. ದೋಷವನ್ನು ಕೇಬಲಿನಲ್ಲೋ ಪೆಟ್ಟಿಗೆಯಲ್ಲೋ ಹುಡುಕಬೇಕು. ನಡುವೆ ಅಡ್ಡಲಾಗಿ ಒಂದೇ ಬೆಳಕಿನ ಗೆರೆ ಉಳಿದರೆ ಕೂಡಲೇ ಆರಿಸಬೇಕು, ಇಲ್ಲವಾದರೆ ಲೇಪ ಸುಟ್ಟೀತು.

ಎರೆಭೂಮಿಯ ಧೂಳು, ರಾಯಚೂರು ಸೀಮೆಯ ಬಿಸಿಲು ಎರಡೂ ಈ ಯಂತ್ರಕ್ಕೆ ವೈರಿಗಳು. ಬಿಸಿಯಿರುವಾಗಲೇ ಕಸೂತಿಯ ಮುಸುಕು ಹೊದಿಸುವುದು ಇನ್ನೊಂದು. ಮಹಾನವಮಿಯಂದು ವಿಭೂತಿ ಹಚ್ಚುವವರು ಹಣೆಯ ಭಾಗಕ್ಕೆ ಹಚ್ಚಿದರೆ ಸಾಕು. ಮೇಲಿನ ಗಾಳಿಕಿಂಡಿಯಲ್ಲಿ ಭಸ್ಮವಾಗಲಿ ನೀರಾಗಲಿ ಬೀಳಬಾರದು.

ಹಿಂಬದಿಯ ಮುಚ್ಚಳವನ್ನು ಯಾರೂ ಬಿಚ್ಚಬೇಡಿರಿ. ಬಣ್ಣದ ಕೊಳವೆಗೆ ಸುಮಾರು 25,000 ವೋಲ್ಟ್ ಬೇಕಾಗುತ್ತದೆ; ತಂತಿ ಕಿತ್ತ ಮೇಲೂ ಆ ವಿದ್ಯುತ್ತು ಗಾಜಿನಲ್ಲಿ ಉಳಿದಿರಬಹುದು. ಕಲಿತ ಕೈಗಳೇ ಅಲ್ಲಿ ಅಂಜಿ ಕೆಲಸ ಮಾಡುತ್ತವೆ.

ಪತ್ರ ಬರೆದವರು ಪರದೆಯ ರಿಪೇರಿಗೆ ಹಣ ಸುರಿಯುವುದು ನಮಗೆ ಸಮ್ಮತವಲ್ಲ. ಅದೇ ಬಗೆಯ ಕಿಂಡಿಯಿರುವ ಚಪ್ಪಟೆ ಮಾನಿಟರನ್ನು ಒಂದು ದಿನದ ಮಟ್ಟಿಗೆ ಎರವಲು ತಂದು ಜೋಡಿಸಿದರೆ ಪದಗಳು ಕಾಣುತ್ತವೆ. ಪೆಟ್ಟಿಗೆಯೇ ಎದ್ದೇಳದಿದ್ದರೆ, ಅಂಗಡಿಯವರು ಡಿಸ್ಕನ್ನು ಹೊರತೆಗೆದು ಅಡಾಪ್ಟರಿನ ಮೂಲಕ ಹೊಸ ಯಂತ್ರಕ್ಕೆ ಹಚ್ಚಬಲ್ಲರು. ಪ್ರತಿಯನ್ನು ಎರಡು ಕಡೆ ಇಡಬೇಕು. ಹಳೆಯ ನುಡಿ, ಬರಹ, ಶ್ರೀಲಿಪಿಗಳಲ್ಲಿ ಬೆರಳಚ್ಚಾದ ಕಡತಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರಬಹುದು. ಕೆಟ್ಟವೆಂದು ಅಳಿಸಬೇಡಿರಿ, ಹಳೆಯ ಫಾಂಟನ್ನೂ ಜೊತೆಗೆ ತೆಗೆದಿರಿಸಿ, ಆಮೇಲೆ ಯುನಿಕೋಡಿಗೆ ಪರಿವರ್ತಿಸಿಕೊಳ್ಳಿರಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ತಪ್ಪುವುದುಂಟು. ಆ ಪದಗಳನ್ನು ಹಾಡಬಲ್ಲ ಹಿರಿಯರು ಊರಿನಲ್ಲಿದ್ದರೆ ಅವರ ಮುಂದೆ ಓದಿ ತಿದ್ದಿಸುವುದು ಲೇಸು. ಈ ಕೆಲಸವನ್ನು ಬಹಳ ದಿನ ಮುಂದೂಡಬಾರದು.

ಗುಜರಿಯವನಿಗೆ ಉತ್ತರ ಆ ಮೇಲೆ. ಮಾನಿಟರಿನ ಗಾಜಿನಲ್ಲಿ ಸೀಸವಿದೆ. ಒಳಗಿನ ತಾಮ್ರದ ಆಸೆಗೆ ಒಡೆದು ಚೂರುಗಳನ್ನು ಹಳ್ಳಕ್ಕೆ ಎಸೆಯುವವರುಂಟು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಇಂತಹವನ್ನು ವಿಲೇವಾರಿ ಮಾಡಬೇಕಾದವರು ನೋಂದಾಯಿತ ಮರುಬಳಕೆದಾರರು. ಅಂತಹವರಿಗೆ ತಲುಪಿಸುವವರು ದೊರೆಯುವ ತನಕ ಅದು ಅಟ್ಟದ ಮೇಲೆ, ಮಕ್ಕಳ ಕೈಗೆ ಸಿಗದಂತೆ ಇರಲಿ.