ಬಾಡಿಗೆ ಬಿರುದಿನ ದಂಡನಾಯಕರು

ನವಲಿ ಬಸ್ ಸ್ಟ್ಯಾಂಡಿನ ಕಟ್ಟೆ ಇರಲಿ, ಗಂಗಾವತಿಯ ಚಹಾದಂಗಡಿ ಇರಲಿ, ನಾಲ್ಕು ಹುಡುಗರು ತಲೆ ಬಗ್ಗಿಸಿ ಕೂತಿದ್ದರೆ ತಿಳಿಯಿರಿ, ಅಲ್ಲೊಂದು ಯುದ್ಧ ನಡೆದಿದೆ! ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್ ಎಂಬ ಮೊಬೈಲ್ ಆಟಗಳಲ್ಲಿ ಹುಡುಗರು ದಂಡು ಕಟ್ಟುತ್ತಾರೆ. ಅದಕ್ಕೆ ಕ್ಲಾನ್ ಅಂತಲೋ ಗಿಲ್ಡ್ ಅಂತಲೋ ಕರೀತಾರೆ. ದಂಡಿಗೊಬ್ಬ ನಾಯಕ. ಆಡಿದಂತೆಲ್ಲ ಮಿಲಿಟರಿ ಥರದ ಬಿಲ್ಲೆಗಳು: ಕಂಚು, ಬೆಳ್ಳಿ, ಬಂಗಾರ, ವಜ್ರ. ಬಿಜಿಎಂಐನಲ್ಲಿ ತುತ್ತತುದಿಯ 500 ಮಂದಿಗೆ 'ಕಾಂಕರರ್', ಅಂದರೆ ದಿಗ್ವಿಜಯಿ ಎಂಬ ಬಿರುದು.

ಬಿರುದು ಬಾವಲಿ ನಮಗೇನೂ ಹೊಸದಲ್ಲ. ಇದು ಗಂಡುಗಲಿ ಕುಮಾರರಾಮನ ಸೀಮೆ. ಕುಮ್ಮಟದುರ್ಗ ಇಲ್ಲೇ ಬಗಲಲ್ಲಿದೆ. 14ನೇ ಶತಮಾನದಲ್ಲಿ ದಿಲ್ಲಿ ದಂಡಿಗೆ ಎದೆ ಕೊಟ್ಟವನ ಬಿರುದನ್ನು ಇವತ್ತಿಗೂ ಯಾರೂ ಕಿತ್ತುಕೊಂಡಿಲ್ಲ. ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದು, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರಣಾನಂತರ ಬಂದ ಅವರ ಸೇನಾ ಪದಕವನ್ನೂ ಯಾರೂ ವಾಪಸು ಕೇಳುವುದಿಲ್ಲ.

ಮೊಬೈಲ್ ಬಿರುದಿನ ಹಣೆಬರಹ ಬೇರೆ. ಸೀಜನ್ ಮುಗಿಯಿತೋ, ದಿಗ್ವಿಜಯಿ ಕೆಳಕ್ಕೆ ಜಾರಿದ. ಮತ್ತೆ ನಿದ್ದೆಗೆಟ್ಟು ಹತ್ತಬೇಕು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ನಿಷೇಧಿಸಿತು. ಫ್ರೀ ಫೈರ್‌ಗೆ 2022ರ ಫೆಬ್ರವರಿಯಲ್ಲಿ ಅದೇ ಗತಿ. ಪಬ್‌ಜಿ ಬದಲಿಗೆ ಬಂದ ಬಿಜಿಎಂಐ 2022ರ ಜುಲೈಯಲ್ಲಿ ಅಂಗಡಿ ಮುಚ್ಚಿ, 2023ರ ಮೇ ತಿಂಗಳಲ್ಲಿ ಮತ್ತೆ ತೆರೆಯಿತು. ಅಲ್ಲಿಗೆ ಬಿರುದು ಯಾರದು? ಹುಡುಗನದಲ್ಲ, ಕಂಪನಿಯದು. ಇವನು ಬಾಡಿಗೆದಾರ.

ಬಾಡಿಗೆಯೂ ಪೂರಾ ಪುಕ್ಕಟೆಯಲ್ಲ ನೋಡ್ರಿ. ಸೈನಿಕನ ಅಂಗಿ, ಬಂದೂಕಿನ ಬಣ್ಣ, ಪಾಸು ಅಂತ ಅಪ್ಪನ ಖಾತೆಯಿಂದ ದುಡ್ಡು ಸೋರುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಕ್ಕೆ ಬೀಗ ಜಡಿದಿದೆ. ದುಡ್ಡು ಕೊಟ್ಟು ಬಣ್ಣದ ಅಂಗಿ ಕೊಳ್ಳುವುದಕ್ಕಲ್ಲ. ಅದನ್ನು ಮನೆಯವರೇ ನೋಡಿಕೊಳ್ಳಬೇಕು.

ಹಾಗಂತ ಹುಡುಗರನ್ನು ಬೈದರೆ ಮುಗಿಯಿತೆ? ಮಿಲಿಟರಿ ಭರ್ತಿಯ ಆಸೆಗೆ ನಸುಕಿನಲ್ಲಿ ರೋಡುಗುಂಟ ಓಡುವವರೂ ಇದೇ ವಯಸ್ಸಿನವರು. 2022ರಲ್ಲಿ ಅಗ್ನಿಪಥ ಯೋಜನೆ ಹೇಳಿದ್ದೇನು? ನೌಕರಿ 4 ವರ್ಷ, ಮುಂದೆ ಕಾಯಂ ಆಗುವವರು ನೂರಕ್ಕೆ 25ರ ಒಳಗೆ. ಖರೇ ಫೀತಿಗೂ ಸೀಜನ್ ಬಂದ ಮೇಲೆ, ಬೆರಳ ತುದಿಯ ಫೀತಿಗೆ ಹುಡುಗರು ಮುಗಿಬೀಳುವುದರಲ್ಲಿ ಆಶ್ಚರ್ಯವೇನು?

ಆ ವಯಸ್ಸಿನಲ್ಲಿ ನಾಲ್ಕು ಜನರ ಮುಂದೆ 'ಭಲೇ' ಅನ್ನಿಸಿಕೊಳ್ಳುವ ಹಸಿವು ಇದ್ದದ್ದೇ. ಅದಕ್ಕೆ ಊರಿನಲ್ಲಿ ಜಾಗ ಬೇಕು. ಪಂಚಾಯ್ತಿಯವರು ಒಂದು ಸಪಾಟು ಮೈದಾನ ಮಾಡಿಕೊಡಲಿ. ಬಜಾರದ ಸಾಹುಕಾರರು ಹೊಸ ವರ್ಷಕ್ಕೆ ಹಂಚುವ ಕ್ಯಾಲೆಂಡರಿನ ಖರ್ಚಿನಲ್ಲಿ ಒಂದು ಕಬಡ್ಡಿ ಕಪ್ಪು ಬರುತ್ತದೆ. ಕಪ್ಪಿನ ಮೇಲೆ ಅಂಗಡಿ ಹೆಸರು ಬೇಕಾದರೆ ದೊಡ್ಡದಾಗಿಯೇ ಬರೆಸಿಕೊಳ್ಳಲಿ, ಯಾರೂ ಬೇಡ ಅನ್ನುವುದಿಲ್ಲ.