ಶಸ್ತ್ರವೈದ್ಯರ ಸಭೆಯಲ್ಲಿ ಏನನ್ನು ಹೇಳಬೇಕು?

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೋಗುವವರೆಲ್ಲರೂ ಹೆಬ್ಬಾಳವನ್ನು ದಾಟಿಯೇ ಹೋಗುತ್ತಾರೆ. ಅವರಲ್ಲಿ ಬಹುಮಂದಿಗೆ ಹೆಬ್ಬಾಳವೆಂದರೆ ಒಂದು ಕೆರೆ, ಒಂದು ಮೇಲುಸೇತುವೆ ಮತ್ತು ಅದರ ಮೇಲೆ ಸಾಲುಗಟ್ಟಿ ನಿಂತ ವಾಹನಗಳು, ಅಷ್ಟೆ. ೧೮೯೯ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೇಸಾಯದ ಪ್ರಯೋಗಗಳಿಗೆಂದು ಮೂವತ್ತು ಎಕರೆ ನೆಲವನ್ನು ಕೊಟ್ಟದ್ದು ಇಲ್ಲಿಯೇ. ಕರ್ನಾಟಕದ ಮೊಟ್ಟಮೊದಲ ಪಶುವೈದ್ಯಕೀಯ ಕಾಲೇಜು ೧೯೫೮ರಲ್ಲಿ ಆರಂಭವಾದದ್ದೂ ಇಲ್ಲಿಯೇ. ಆ ಕಾಲೇಜು ಮೊದಲು ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿದ್ದು, ಈಗ ಬೀದರಿನಲ್ಲಿ ಕೇಂದ್ರವನ್ನುಳ್ಳ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಅಲ್ಲಿನ ಹಲವು ವಿಭಾಗಗಳಲ್ಲಿ ಶಸ್ತ್ರವೈದ್ಯ ವಿಭಾಗವೂ ಒಂದು. ಇಂತಹ ವಿಭಾಗಗಳಲ್ಲಿ ನಡೆಯುವ ಶಸ್ತ್ರಕ್ರಿಯೆಗಳನ್ನು ಕುರಿತು ಓದುಗರು ಅಷ್ಟಿಷ್ಟು ಕೇಳಿರಬಹುದು. ಅಲ್ಲಿ ನಡೆಯುವ ಸಭೆಗಳನ್ನು ಕುರಿತು ಕೇಳಿದವರು ವಿರಳ. ನನ್ನ ಅಭಿಪ್ರಾಯದಲ್ಲಿ ರೈತನ ಹಸುವಿನ ಅಳಿವು ಉಳಿವುಗಳು ಚಾಕುವಿನ ಹರಿತವನ್ನು ಎಷ್ಟು ಅವಲಂಬಿಸಿವೆಯೋ ಈ ಸಭೆಗಳನ್ನೂ ಅಷ್ಟೇ ಅವಲಂಬಿಸಿವೆ.

ಸಭೆಗಳಿಗೇನೂ ಕೊರತೆಯಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿ ತನ್ನ ಪದವಿಗಾಗಿ ಸೆಮಿನಾರುಗಳನ್ನು ಕೊಡಲೇಬೇಕು; ಸಂಶೋಧನೆಯ ರೂಪುರೇಷೆಯನ್ನು ಅಧ್ಯಾಪಕರ ಮುಂದೆ ಮಂಡಿಸಬೇಕು; ಕೊನೆಗೆ ಪ್ರಬಂಧವನ್ನು ಸಮರ್ಥಿಸಿಕೊಳ್ಳಬೇಕು. ಇವುಗಳ ಜೊತೆಗೆ ರಾಜ್ಯಮಟ್ಟದ, ರಾಷ್ಟ್ರಮಟ್ಟದ ವಿಚಾರಗೋಷ್ಠಿಗಳು. ದೀಪ, ಹಾರ, ಶಾಲು, ಸ್ವಾಗತ, ವಂದನಾರ್ಪಣೆ ಇವೆಲ್ಲ ಮುಗಿಯುವ ಹೊತ್ತಿಗೆ ಊಟದ ಸಮಯವಾಗಿರುತ್ತದೆ. ಬಳಿಕ ಒಬ್ಬೊಬ್ಬರಿಗೆ ಹತ್ತು ನಿಮಿಷ. ಒಬ್ಬರು ನಾಯಿಯ ತೊಡೆಯೆಲುಬನ್ನು ತಟ್ಟೆ ಮತ್ತು ತಿರುಪುಗಳಿಂದ ಕೂಡಿಸಿದುದನ್ನು ತೋರಿಸುತ್ತಾರೆ. ಇನ್ನೊಬ್ಬರು ಎತ್ತಿನ ಕೋಡಿನ ಕ್ಯಾನ್ಸರನ್ನು ತೆಗೆದುದನ್ನು ತೋರಿಸುತ್ತಾರೆ. ಚಿತ್ರಗಳು ಚೆನ್ನಾಗಿಯೇ ಇರುತ್ತವೆ. ಪ್ರಾಣಿ ಗುಣಮುಖವಾಯಿತು ಎಂಬ ವಾಕ್ಯದಿಂದ ಪ್ರಬಂಧ ಮುಗಿಯುತ್ತದೆ, ಕರತಾಡನವಾಗುತ್ತದೆ. ಇಡೀ ದಿನ ಕುಳಿತು ಕೇಳಿದವನಿಗೆ, ನಮ್ಮ ದೇಶದಲ್ಲಿ ಶಸ್ತ್ರಕ್ರಿಯೆಗೆ ಒಳಗಾದ ಯಾವ ಪ್ರಾಣಿಯೂ ಸಾಯುವುದೇ ಇಲ್ಲವೆಂಬ ಭಾವನೆ ಬಂದರೆ ಆಶ್ಚರ್ಯವಿಲ್ಲ.

ಸಾಯದೆ ಇರುತ್ತವೆಯೆ? ಪಶುವಿನ ಶಸ್ತ್ರವೈದ್ಯ ಎಷ್ಟು ಕಠಿನವಾದುದೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಹಸು ಮೇವನ್ನು ಆರಿಸಿ ಅಗಿದು ತಿನ್ನುವ ಪ್ರಾಣಿಯಲ್ಲ. ಮೊದಲು ನುಂಗಿ, ಆಮೇಲೆ ನಿಧಾನವಾಗಿ ಮೆಲುಕು ಹಾಕುತ್ತದೆ. ಆದುದರಿಂದ ಮೇವಿನೊಡನೆ ಮೊಳೆಯೂ ತಂತಿಯೂ ಒಳಗೆ ಹೋಗುತ್ತವೆ. ಪಟ್ಟಣದ ಹಸುವಾದರೆ ಪ್ಲಾಸ್ಟಿಕ್ ಚೀಲಗಳೂ ಹೋಗುತ್ತವೆ. ತಂತಿಯು ಜೇನುಹಟ್ಟಿಯಂತಿರುವ ಎರಡನೆಯ ಹೊಟ್ಟೆಯಲ್ಲಿ ನಿಂತು, ಮುಂದೆ ವಪೆಯನ್ನು ಚುಚ್ಚಿ, ಹೃದಯದ ಚೀಲದವರೆಗೂ ಹೋಗಬಹುದು. ಪ್ಲಾಸ್ಟಿಕ್ಕು ಮೊದಲನೆಯ ಹೊಟ್ಟೆಯಲ್ಲಿಯೇ ಉಂಡೆಗಟ್ಟಿ ಉಳಿಯುತ್ತದೆ. ದೊಡ್ಡ ಹಸುವಿನಲ್ಲಿ ಈ ಹೊಟ್ಟೆ ನೂರು ಲೀಟರಿಗೂ ಮೀರಿ ಹಿಡಿಯುತ್ತದೆ. ಇದನ್ನು ತೆರೆಯುವಾಗ ಹಸುವನ್ನು ಮಲಗಿಸಿ ಪೂರ್ಣ ಅರಿವಳಿಕೆ ಕೊಡುವುದು ಅಪಾಯಕರ. ತೇಗಲಾರದೆ ಹೊಟ್ಟೆಯುಬ್ಬರವಾಗುತ್ತದೆ, ಹೊಟ್ಟೆಯಲ್ಲಿದ್ದುದು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕಾಗಿ ಬೆನ್ನೆಲುಬಿನ ಪಕ್ಕದ ನರಗಳಿಗೆ ಮಾತ್ರ ಮದ್ದು ಚುಚ್ಚಿ, ನಿಂತ ಹಸುವಿನ ಎಡಪಕ್ಕೆಯನ್ನು ತೆರೆಯುತ್ತಾರೆ. ಹೊಟ್ಟೆಯ ಗೋಡೆಯನ್ನು ಕೊಯ್ಯುವ ಮೊದಲೇ ಅದನ್ನು ಹೊರಕ್ಕೆಳೆದು ಭದ್ರಪಡಿಸಬೇಕು. ಇಲ್ಲವಾದರೆ ಕೊಳೆತ ಮೇವು ಉದರಕ್ಕೆ ಚೆಲ್ಲಿ ಕೀವಾಗುತ್ತದೆ. ಎಲ್ಲವೂ ಸರಿಯಾಗಿ ನಡೆದರೂ, ಒಳಗಿನ ಸೂಕ್ಷ್ಮಜೀವಿಗಳು ನಾಶವಾಗಿದ್ದರೆ ಹಸು ಮೇವು ಮುಟ್ಟುವುದಿಲ್ಲ. ಆಗ ಆರೋಗ್ಯವಂತ ಹಸುವೊಂದರ ಹೊಟ್ಟೆಯ ರಸವನ್ನು ತಂದು ಇದಕ್ಕೆ ಕುಡಿಸಬೇಕಾಗುತ್ತದೆ.

ಇಷ್ಟು ಹೆಜ್ಜೆಗಳಲ್ಲಿ ಎಲ್ಲಿ ಬೇಕಾದರೂ ತಪ್ಪಬಹುದು. ಪ್ರಾಣಿಗಳ ಜಾತಿಭೇದವೂ ಇದಕ್ಕೆ ಸೇರಿಕೊಳ್ಳುತ್ತದೆ. ಮಂಪರು ತರುವ ಕ್ಸೈಲಜೀನ್ ಎಂಬ ಔಷಧವು ಕುದುರೆಗೆ ಬೇಕಾದುದರ ಸುಮಾರು ಹತ್ತನೆಯ ಒಂದು ಭಾಗದಷ್ಟಿದ್ದರೆ ಹಸುವಿಗೆ ಸಾಕು. ಕುದುರೆಯ ಲೆಕ್ಕವನ್ನು ಹಸುವಿಗೆ ಹಾಕಿದರೆ ಏನಾಗುವುದೆಂದು ಹೇಳಬೇಕಾದುದಿಲ್ಲ. ಮನುಷ್ಯರ ಶಸ್ತ್ರವೈದ್ಯನಿಗೆ ಒಂದೇ ಜಾತಿಯ ರೋಗಿ. ಪಶುವೈದ್ಯನ ಬಾಗಿಲಿಗೆ ಬೆಳಿಗ್ಗೆ ಎಮ್ಮೆ, ಮಧ್ಯಾಹ್ನ ಗಿಳಿ, ಸಂಜೆ ಕುದುರೆ ಬರಬಹುದು. ಇವೆಲ್ಲವನ್ನೂ ಒಬ್ಬನೇ ತನ್ನ ಅನುಭವದಿಂದ ಕಲಿಯುವುದಾದರೆ ಅವನ ಆಯುಸ್ಸೂ ಸಾಲದು, ನಾಡಿನ ದನಗಳೂ ಸಾಲವು. ಒಬ್ಬನ ಕೈಯಲ್ಲಿ ಆದುದು ಹತ್ತು ಜನಕ್ಕೆ ತಿಳಿಯಬೇಕು. ಸಭೆ ಎಂಬುದು ಹುಟ್ಟಿದ್ದೇ ಇದಕ್ಕಾಗಿ.

ಈ ವಿಷಯದಲ್ಲಿ ಅಮೆರಿಕೆಯ ಬಾಸ್ಟನ್ ನಗರದ ಎರಡು ಸಂಗತಿಗಳು ನೆನೆಯತಕ್ಕವು. ೧೮೪೫ರ ಜನವರಿಯಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯನು ನೈಟ್ರಸ್ ಆಕ್ಸೈಡ್ ಅನಿಲವನ್ನು ಮೂಸಿಸಿ ನೋವಿಲ್ಲದೆ ಹಲ್ಲು ಕೀಳುವುದನ್ನು ಒಂದು ವೈದ್ಯಸಭೆಯ ಮುಂದೆ ತೋರಿಸಲು ಹೋದನು. ಅನಿಲದ ಚೀಲವನ್ನು ಬೇಗ ತೆಗೆದುಬಿಟ್ಟದ್ದರಿಂದ ರೋಗಿ ಕೂಗಿಕೊಂಡನು. ಸಭೆ ನಕ್ಕಿತು, ಮೋಸವೆಂದಿತು. ಏಕೆ ಹೀಗಾಯಿತೆಂದು ಆ ಸಭೆ ಕೇಳಿದ್ದರೆ ನೋವಿಲ್ಲದ ಶಸ್ತ್ರಕ್ರಿಯೆ ಅಂದೇ ಜಗತ್ತಿಗೆ ತಿಳಿಯುತ್ತಿತ್ತು. ೧೮೪೬ರ ಅಕ್ಟೋಬರಿನಲ್ಲಿ ಮಾರ್ಟನ್ ಅದೇ ನಗರದಲ್ಲಿ ಈಥರಿನ ಪ್ರದರ್ಶನ ಮಾಡಿ ಯಶಸ್ವಿಯಾಗುವವರೆಗೆ ಇಪ್ಪತ್ತೊಂದು ತಿಂಗಳು ಕಳೆದುಹೋದುವು. ಅಷ್ಟು ಕಾಲ ರೋಗಿಗಳು ಎಚ್ಚರದಲ್ಲಿಯೇ ಚಾಕುವಿಗೆ ಮೈಯೊಡ್ಡಿದರು.

ಎರಡನೆಯದು ಅರ್ನೆಸ್ಟ್ ಕಾಡ್ಮನ್ ಎಂಬ ಶಸ್ತ್ರವೈದ್ಯನ ಕಥೆ. ಪ್ರತಿಯೊಬ್ಬ ರೋಗಿಯೂ ಮನೆಗೆ ಹೋದ ಮೇಲೆ ಏನಾದನೆಂದು ಆಸ್ಪತ್ರೆ ವಿಚಾರಿಸಬೇಕು, ಗುಣವಾಗದಿದ್ದರೆ ಏಕೆಂದು ಬರೆದಿಡಬೇಕು ಎಂದು ಆತನು ಪಟ್ಟು ಹಿಡಿದನು. ದೊಡ್ಡ ಆಸ್ಪತ್ರೆ ಒಪ್ಪಲಿಲ್ಲ. ತನ್ನದೇ ಸಣ್ಣ ಆಸ್ಪತ್ರೆಯಿಂದ ೧೯೧೧ರಿಂದ ೧೯೧೬ರವರೆಗೆ ಹೊರಹೋದ ೩೩೭ ರೋಗಿಗಳ ವಿವರವನ್ನು ಆತನು ಅಚ್ಚುಹಾಕಿಸಿದನು. ಅದರಲ್ಲಿ ೧೨೩ ತಪ್ಪುಗಳನ್ನು ತಾನೇ ಎಣಿಸಿ ತೋರಿಸಿದನು. ಸಹೋದ್ಯೋಗಿಗಳು ಅವನನ್ನು ದೂರವಿಟ್ಟರು. ೧೯೪೦ರಲ್ಲಿ ಅವನು ತೀರಿಕೊಂಡನು. ಇಂದು ಜಗತ್ತಿನ ಒಳ್ಳೆಯ ಬೋಧನಾ ಆಸ್ಪತ್ರೆಗಳಲ್ಲೆಲ್ಲ ಸಾವು ಮತ್ತು ತೊಡಕುಗಳ ಪರಾಮರ್ಶೆಯ ಸಭೆಯೊಂದು ನಡೆಯುತ್ತದೆ. ಅದರ ಮೂಲಪುರುಷರಲ್ಲಿ ಕಾಡ್ಮನ್ ಮುಖ್ಯನೆಂದು ಈಗ ಎಲ್ಲರೂ ಒಪ್ಪುತ್ತಾರೆ.

ಸಾವುಗಳನ್ನು ಎಣಿಸುವುದರಿಂದ ಪ್ರಾಣಿಗಳಿಗಾದ ಪ್ರಯೋಜನಕ್ಕೂ ನಿದರ್ಶನವುಂಟು. ೨೦೦೮ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಅರಿವಳಿಕೆಗೊಳಗಾದ ಸುಮಾರು ೯೮,೦೦೦ ನಾಯಿಗಳ ಮತ್ತು ೭೯,೦೦೦ ಬೆಕ್ಕುಗಳ ಲೆಕ್ಕವನ್ನು ತೆಗೆದರು. ನಾಯಿಗಳಲ್ಲಿ ಸುಮಾರು ೬೦೦ಕ್ಕೆ ಒಂದು ಸತ್ತಿತ್ತು. ಗಮನಿಸಬೇಕಾದುದು ಈ ಸಂಖ್ಯೆಯನ್ನಲ್ಲ, ಸತ್ತ ಹೊತ್ತನ್ನು. ಸತ್ತ ನಾಯಿಗಳಲ್ಲಿ ಸುಮಾರು ಅರ್ಧ, ಬೆಕ್ಕುಗಳಲ್ಲಿ ಅರ್ಧಕ್ಕೂ ಹೆಚ್ಚು, ಎಲ್ಲ ಮುಗಿಯಿತೆಂದು ವೈದ್ಯರು ಕೈತೊಳೆದುಕೊಂಡ ಮೇಲೆ ಸತ್ತಿದ್ದವು. ಅವುಗಳಲ್ಲಿಯೂ ಬಹುಪಾಲು ಮೊದಲ ಮೂರು ಗಂಟೆಗಳೊಳಗೆ. ಹಾಗಾದರೆ ಆ ಮೂರು ಗಂಟೆ ಪ್ರಾಣಿಯ ಬಳಿ ಒಬ್ಬರು ಕುಳಿತಿರಬೇಕು. ಇದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಔಷಧವೂ ಬೇಡ. ಗೆಲುವಿನ ಪ್ರಬಂಧಗಳನ್ನು ಸಾವಿರ ಓದಿದರೂ ಈ ಒಂದು ತಿಳಿವು ಹೊರಡುತ್ತಿರಲಿಲ್ಲ.

ಆದುದರಿಂದ ನನ್ನ ಸೂಚನೆ ಇಷ್ಟೆ. ಹೆಬ್ಬಾಳದಂತಹ ಪಶುವೈದ್ಯ ಕಾಲೇಜುಗಳ ಶಸ್ತ್ರವಿಭಾಗಗಳಲ್ಲೆಲ್ಲ ತಿಂಗಳಿಗೊಂದು ಮಧ್ಯಾಹ್ನವನ್ನು ಸತ್ತ ಮತ್ತು ಗುಣವಾಗದ ಪ್ರಾಣಿಗಳಿಗಾಗಿಯೇ ಮೀಸಲಿಡಬೇಕು. ಅತಿಥಿಗಳು ಬೇಡ, ಹಾರ ಬೇಡ. ಹಿರಿಯ ಪ್ರಾಧ್ಯಾಪಕರು ಮೊದಲು ತಮ್ಮ ಕೈಯಲ್ಲಿ ಕೆಟ್ಟ ಒಂದು ಪ್ರಸಂಗವನ್ನು ಹೇಳಬೇಕು. ಆಗ ಕಿರಿಯರ ಬಾಯಿ ತಾನಾಗಿಯೇ ಬಿಡುತ್ತದೆ. ಮರಣೋತ್ತರ ಪರೀಕ್ಷೆ ಮಾಡಿದ ರೋಗಶಾಸ್ತ್ರಜ್ಞರು ಪಕ್ಕದಲ್ಲಿರಬೇಕು. ತಾಲ್ಲೂಕಿನಿಂದ ಆ ಹಸುವನ್ನು ಕಳುಹಿಸಿದ ವೈದ್ಯರನ್ನೂ ಕರೆಯಬೇಕು. ಎಷ್ಟೋ ವೇಳೆ ಪ್ರಾಣಿ ಸತ್ತದ್ದು ಚಾಕುವಿನಿಂದಲ್ಲ, ತಡವಾಗಿ ಬಂದುದರಿಂದ. ತಡವೇಕಾಯಿತೆಂಬುದನ್ನು ಅವರಷ್ಟು ಚೆನ್ನಾಗಿ ಬೇರೆ ಯಾರೂ ಬಲ್ಲವರಲ್ಲ.

ಇದಕ್ಕೆ ಆಕ್ಷೇಪಗಳಿವೆ. ತಪ್ಪನ್ನು ಒಪ್ಪಿಕೊಂಡರೆ ಪ್ರಾಣಿಯ ಒಡೆಯ ಜಗಳಕ್ಕೆ ಬರುತ್ತಾನೆ, ಮೇಲಧಿಕಾರಿ ವಿವರಣೆ ಕೇಳುತ್ತಾನೆ, ವಿದ್ಯಾರ್ಥಿಯ ಅಂಕ ಇಳಿಯುತ್ತದೆ. ಈ ಭಯ ನಿಜವಾದದ್ದು. ಅದನ್ನು ಹೇಡಿತನವೆಂದು ಹೀಯಾಳಿಸುವುದು ಸರಿಯಲ್ಲ. ಆದುದರಿಂದ ಸಭೆಯಲ್ಲಿ ಹೆಸರುಗಳನ್ನು ಬಿಟ್ಟು ಸಂಗತಿಯನ್ನು ಮಾತ್ರ ಹೇಳುವ ನಿಯಮವಿರಬೇಕು. ಅಲ್ಲಿ ಆಡಿದ ಮಾತು ಅಂಕಕ್ಕೂ ಬಡ್ತಿಗೂ ಲೆಕ್ಕಕ್ಕೆ ಬರಕೂಡದು. ಆದರೆ ಒಡೆಯನಿಗೆ ನಿಜವನ್ನು ಹೇಳುವುದು ಬೇರೆ ಕರ್ತವ್ಯ. ಈ ನಿಯಮವನ್ನು ಅದರಿಂದ ತಪ್ಪಿಸಿಕೊಳ್ಳುವ ನೆಪ ಮಾಡಿಕೊಳ್ಳಬಾರದು.

ಇನ್ನೂ ದೊಡ್ಡ ತೊಡಕೊಂದುಂಟು. ಗುಣವಾಗದ ಪ್ರಾಣಿ ಯಾವುದೆಂದು ವೈದ್ಯನಿಗೆ ತಿಳಿಯುವುದು ಹೇಗೆ? ಹೊಲಿಗೆ ಹಾಕಿಸಿಕೊಂಡ ಹಸು ದೇವನಹಳ್ಳಿಗೋ ದೊಡ್ಡಬಳ್ಳಾಪುರಕ್ಕೋ ಟೆಂಪೋದಲ್ಲಿ ಹೊರಟುಹೋಗುತ್ತದೆ. ಚೇತರಿಸಿಕೊಂಡರೆ ರೈತ ಮತ್ತೆ ಬರುವ ಅಗತ್ಯವಿಲ್ಲ. ಸತ್ತರೆ ಬಂದು ಪ್ರಯೋಜನವಿಲ್ಲ. ಎರಡು ಸಂದರ್ಭಗಳಲ್ಲಿಯೂ ಆಸ್ಪತ್ರೆಯ ಪುಸ್ತಕದಲ್ಲಿ ಒಂದೇ ಬಗೆಯ ಮೌನ. ಹಸುವಿಗಂತೂ ಹೇಳಿಕೊಳ್ಳಲು ಬಾಯಿಲ್ಲ. ಕಾಡ್ಮನ್ನನ ಕಾಲದಲ್ಲಿ ಇದಕ್ಕೆ ಕಾಗದ ಬರೆದು ಕಾಯಬೇಕಾಗಿತ್ತು. ಈಗ ರೈತರಲ್ಲಿ ಬಹುಮಂದಿಯ ಜೇಬಿನಲ್ಲಿ ದೂರವಾಣಿಯಿದೆ. ಶಸ್ತ್ರಕ್ರಿಯೆಯಾದ ಮೂರನೆಯ ದಿನ, ಹದಿನೈದನೆಯ ದಿನ, ಮೂರನೆಯ ತಿಂಗಳು ಹೀಗೆ ಮೂರು ಸಲ ಒಬ್ಬ ವಿದ್ಯಾರ್ಥಿ ಕರೆ ಮಾಡಿ ಕೇಳಿ ಬರೆದುಕೊಂಡರೆ ಸಾಕು. ಹೆಚ್ಚಿನ ವೆಚ್ಚವೇನಿಲ್ಲ.

ಬರೆದುಕೊಳ್ಳುವಾಗ ರೈತ ಹೇಳಿದ ಮಾತನ್ನೇ ಬರೆದುಕೊಳ್ಳಲಿ. ಮೇವು ಮೂಸುತ್ತದೆ ಆದರೆ ತಿನ್ನುವುದಿಲ್ಲ, ಮಲಗಿದರೆ ಏಳುವಾಗ ನರಳುತ್ತದೆ, ಇಳಿಜಾರಿನಲ್ಲಿ ಕಾಲಿಡಲು ಹಿಂಜರಿಯುತ್ತದೆ ಎಂಬ ಮೂರು ಮಾತುಗಳು ಸಭೆಗೆ ಬರುವ ವೇಳೆಗೆ ಇಂಗ್ಲಿಷಿನಲ್ಲಿ ಹಸಿವು ಕಡಮೆ ಎಂಬ ಒಂದೇ ಪದವಾಗಿಬಿಡುವುದುಂಟು. ಇಳಿಜಾರಿನಲ್ಲಿ ಹಿಂಜರಿಯುವ ಹಸುವಿನ ಎದೆಯ ಬಳಿ ತಂತಿ ಚುಚ್ಚುತ್ತಿರಬಹುದು. ಬರಿಯ ಹಸಿವಿಲ್ಲದ ಹಸುವಿಗೆ ನೂರು ಕಾರಣಗಳಿರಬಹುದು. ತಿಂಗಳಿಗೊಂದು ಮಧ್ಯಾಹ್ನದ ಆ ಸಭೆ ಕನ್ನಡದಲ್ಲಿಯೇ ನಡೆದರೆ, ತಾಲ್ಲೂಕಿನ ವೈದ್ಯರೂ ದನ ಹಿಡಿದುಕೊಳ್ಳುವ ಸಹಾಯಕರೂ ಅದರಲ್ಲಿ ಬಾಯಿಬಿಟ್ಟು ಮಾತನಾಡುವುದು ಸಾಧ್ಯವಾಗುತ್ತದೆ.