ಕಂಪ್ಯೂಟರ್ ಮುದಿ ಆಗಿಲ್ರೀ, ಅದರ ಕಟ್ಟಿ ಸಣ್ಣದದ

ಅಕ್ಕಂದಿರ, ವೈನಿಗೋಳ, ಓಣಿಯ ತಂಗ್ಯಾರ, ಈ ಸಲ ಉಪ್ಪಿನಕಾಯಿ ಸುದ್ದಿ ಇಲ್ಲ. ಸಿಟ್ಟು ಬಂದದ, ಅದನ್ನ ಬರೀಲಿಕ್ಕೆ ಕೂತೀನಿ.

ನಮ್ಮನಿ ಕಂಪ್ಯೂಟರ್ 2018ರಾಗ ತಂದದ್ದು. ಒಂದು ವರ್ಷದಿಂದ ಎಮ್ಮಿ ಕೆಸರಿನ್ಯಾಗ ಕೂತಂಗ ಕೂತುಬಿಡ್ತಿತ್ತು. ಮಗಳು ಒಂದು ಕಡೆ ಕ್ಲಾಸಿನ ವಿಡಿಯೋ ಹಚ್ಚಿ ಇನ್ನೊಂದು ಕಡೆ ನೋಟ್ಸ್ ತೆಗೆದ್ಲು ಅಂದ್ರ ಮುಗೀತು, ಆ ಚಕ್ರ ತಿರಗ್ತನ ಇರ್ತಿತ್ತು. ಅಂಗಡಿಗೆ ಒಯ್ದ್ವಿ. ಅಲ್ಲಿಯ ಹುಡುಗ ಡಬ್ಬಿ ಬಿಚ್ಚಿ ಸೈತ ನೋಡ್ಲಿಲ್ಲ. “ಆಂಟಿ, ಹಳೇದಾತ್ರಿ, ಇದಕ್ಕ ರೊಕ್ಕ ಹಾಕಬ್ಯಾಡ್ರಿ, 42,000ಕ್ಕ ಛಲೋದು ಕೊಡ್ತೀನಿ” ಅಂದ. ನಮ್ಮನಿಯವರು ಹೂಂ ಅಂದ್ರು. ಮಗನೂ ಫೋನಿನ್ಯಾಗ ಹೂಂ ಅಂದ. ಯಾರ ರೊಕ್ಕ? ನನ್ನ ಭಿಶಿ ರೊಕ್ಕ! ಅವ್ವನ ಸವೆದ ಪಾಟಲಿ ಮುರಿಸಿ ಹೊಸದು ಮಾಡಸ್ಬೇಕಂತ ಎರಡು ವರ್ಷ ಕಟ್ಟಿದ್ದು.

ನಾ ಗಪ್ಪನ ವಾಪಸ್ ತಂದೆ. ಪಾಲಿಟೆಕ್ನಿಕ್ ಓದೋ ಅಣ್ಣನ ಮಗಳಿಗೆ ಫೋನ್ ಹಚ್ಚಿದೆ. “ಅತ್ತಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡೇ ಒತ್ರಿ. ಪರ್ಫಾರ್ಮೆನ್ಸ್ ಒಳಗ ಮೆಮರಿ ನೋಡ್ರಿ” ಅಂದ್ಲು. 4 ಜಿಬಿದಾಗ 94 ಪರ್ಸೆಂಟ್ ತುಂಬಿತ್ತು. ಕೆಳಗ, ಎರಡು ಸ್ಲಾಟಿನ್ಯಾಗ ಒಂದೇ ಬಳಕಿಯೊಳಗ ಅದ ಅಂತ ತೋರಸ್ತಿತ್ತು. ಅಂದ್ರ ಇನ್ನೊಂದು ಪಟ್ಟಿ ಕೂಡಸ್ಲಿಕ್ಕೆ ಜಾಗಾ ಖಾಲಿನ ಬಿದ್ದದ!

ಹಾರ್ಡ್ ಡಿಸ್ಕ್ ಅಂದ್ರ ಕಪಾಟು, ರ‍್ಯಾಮ್ ಅಂದ್ರ ಗ್ಯಾಸ್ ಕಟ್ಟಿ ಅಂತ ತಿಳೀರಿ. ಕಟ್ಟಿ ಗೇಣುದ್ದ ಇದ್ರ, ಪಲ್ಯೆ ಹೆಚ್ಚಬೇಕಂದ್ರ ಹಿಟ್ಟಿನ ಪರಾತ ಎತ್ತಿ ಕಪಾಟಿನ್ಯಾಗ ಇಡಬೇಕು, ರೊಟ್ಟಿ ಬಡೀಬೇಕಂದ್ರ ಮತ್ತ ತರಬೇಕು. ಅಡಗಿಗಿಂತ ಓಡ್ಯಾಟನ ಜಾಸ್ತಿ. ಕಂಪ್ಯೂಟರೂ ಹಂಗ, ಮೆಮರಿ ಸಾಲದಿದ್ರ ಡಿಸ್ಕಿಗೆ ಇಟ್ಟು ತೆಗೆದು, ಇಟ್ಟು ತೆಗೆದು ಸಾಯ್ತದ. ಕಟ್ಟಿ ಸಣ್ಣದಾತಂತ ಯಾರರ ಮನಿ ಕೆಡವ್ತಾರೇನ್ರಿ?

ಕುಕ್ಕರಿನ ಗ್ಯಾಸ್ಕೆಟ್ ಹೋದ್ರ ಗ್ಯಾಸ್ಕೆಟ್ ತರ್ತೀವಿ. ಮಿಕ್ಸರಿನ ಬ್ಲೇಡ್ ಸವೆದ್ರ ಬ್ಲೇಡ್ ಹಾಕಸ್ತೀವಿ, ಅದಕ್ಕೂ ಇಪ್ಪತ್ತು ರೂಪಾಯಿ ಚೌಕಾಶಿ ಮಾಡ್ತೀವಿ. ಕಂಪ್ಯೂಟರ್ ಅಂದ ಕೂಡ್ಲೆ “ನಮಗೇನ್ ತಿಳೀತದವಾ” ಅಂತ ಪರ್ಸ್ ತೆಗೀತೀವಿ. ನನಗ ಸಿಟ್ಟು ಬಂದದ್ದು ಆ ಹುಡುಗನ ಮ್ಯಾಲೆ ಅರ್ಧಾ, ನಮ್ಮ ಈ ಮಾತಿನ ಮ್ಯಾಲೆ ಅರ್ಧಾ.

8 ಜಿಬಿ ಪಟ್ಟಿಗೆ ನಾ ಕೊಟ್ಟದ್ದು 1,800 ರೂಪಾಯಿ. ತರೋಕಿಂತ ಮೊದಲ ಹಳೇ ಪಟ್ಟಿ ತೆಗೆದು ಚೀಟಿ ನೋಡ್ಬೇಕು, ನಮ್ಮದು ಡಿಡಿಆರ್ 4. ಡಿಡಿಆರ್ 3ದು ಇದ್ರಾಗ ಕೂಡೂದೇ ಇಲ್ಲ, ನಡುವಿನ ಕಚ್ಚಿನ ಜಾಗಾನ ಬ್ಯಾರೆ. ಲ್ಯಾಪ್‌ಟಾಪಿನ ಪಟ್ಟಿ ಇನ್ನೂ ಗಿಡ್ಡ. ಕಂಪ್ಯೂಟರ್ ಬಂದ್ ಮಾಡಿ, ವಾಯರ್ ಕಿತ್ತು, ಡಬ್ಬಿಯ ಕಬ್ಬಿಣ ಮುಟ್ಟಿದೆ, ಮೈಯಾಗಿನ ಕರೆಂಟ್ ಪಟ್ಟಿಗೆ ತಾಗಬಾರದಂತ. ಬಂಗಾರಬಣ್ಣದ ಹಲ್ಲು ಮುಟ್ಟದಂಗ ಅಂಚಿಗೆ ಹಿಡಿದು, ಎರಡೂ ತುದಿ ಒತ್ತಿದೆ. ಚಾಲೂ ಮಾಡಿದ್ರ ಪರದೆ ಕರ್ರಗ! ನಮ್ಮನಿಯವರು “ಹೇಳಿದ್ನಲ್ಲಾ” ಅಂತ ಬಾಗಲದಾಗ ನಿಂತ್ರು. ಮತ್ತ ಬಂದ್ ಮಾಡಿ ಜೋರ್ ಒತ್ತಿದೆ, ಕ್ಲಿಪ್ ಟಕ್ ಅಂತು. ಈಗ 12 ಜಿಬಿ ತೋರಸ್ತದ. ಮಗಳ ವಿಡಿಯೋ, ನೋಟ್ಸ್ ಕೂಡೇ ನಡೀತಾವ.

ಎಲ್ಲಾರಿಗೂ ಇದೇ ಔಷಧ ಅಂತ ನಾ ಹೇಳಂಗಿಲ್ಲ. ಮೆಮರಿ ಅರ್ಧಾ ಖಾಲಿ ಇದ್ದೂ ಡಿಸ್ಕ್ 100 ಪರ್ಸೆಂಟ್ ತೋರಸ್ತಿದ್ರ ಎಸ್‌ಎಸ್‌ಡಿ ಹಾಕಸ್ರಿ, ರ‍್ಯಾಮ್ ಬ್ಯಾಡ. ವಿಂಡೋಸ್ 32 ಬಿಟ್ ಇದ್ರ 4 ಜಿಬಿ ಮ್ಯಾಲೆ ಹಾಕಿದ್ದು ಉಪಯೋಗಕ್ಕ ಬರೂದಿಲ್ಲ. ಇನ್ನ ಭಾಳ ತೆಳ್ಳನ ಲ್ಯಾಪ್‌ಟಾಪಿನ್ಯಾಗ ಎಷ್ಟೋಸಲ ಮೆಮರಿ ಬೋರ್ಡಿಗೇ ಬೆಸಗಿ ಹಾಕಿರ್ತಾರ, ಆಮ್ಯಾಲೆ ಏನೂ ಮಾಡ್ಲಿಕ್ಕೆ ಬರೂದಿಲ್ಲ. ಹೊಸಾದು ತಗೊಳ್ಳೋರು ಬಣ್ಣ ಕೇಳೋಕಿಂತ ಮೊದಲ ಅದನ್ನ ಕೇಳ್ರಿ.

ಅಂಗಡಿಯಾಗ ಹಾಕಸೋರು ಎದುರಿಗೇ ಕೂಡ್ರಿ, ತೆಗೆದ ಹಳೇ ಪಟ್ಟಿ ಕೇಳಿ ಇಸ್ಕೋರಿ. ಬ್ಲೌಜ್ ಹೊಲಿಸಿದ್ಮ್ಯಾಲೆ ಉಳಿದ ಬಟ್ಟಿ ಬಿಟ್ಟು ಬರ್ತೀವೇನು?

ಪಾಟಲಿ ಕೊಡ್ಲಿಕ್ಕೆ ಶುಕ್ರವಾರ ಹೊಂಟೀನಿ. ಯಾರರ ಬರೋರಿದ್ರ ಹತ್ತು ಗಂಟೆಕ್ಕ ತಯಾರಿರ್ರಿ.